ಮುಳ್ಳಿಲ್ಲದ ಕಾರು

ಹೊಸೂರಿನಲ್ಲಿ ಮನುಷ್ಯನ ಮರ್ಯಾದೆ ಹೋಗುವುದಕ್ಕೆ ಬೇಕಾದಷ್ಟು ದಾರಿಗಳಿವೆ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ದ್ವಾರಕಾನಾಥರು ಅವನ್ನೆಲ್ಲ ಬಿಟ್ಟು ಅಂಚೆಟ್ಟಿ ದಾರಿಯನ್ನು ಆರಿಸಿಕೊಂಡರು.

ಅವರ ಹಳೆಯ ಕಾರಿನ ವಿಷಯ ಮೊದಲು ಹೇಳಿಬಿಡುವುದು ಒಳ್ಳೆಯದು. ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಗುಂಡಗಿನ ಒಂದು ಮೀಟರ್ ಇತ್ತು. ಎಡಗಡೆ ‘ಸಿ’, ಬಲಗಡೆ ‘ಎಚ್’, ನಡುವೆ ಓಡಾಡುವುದಕ್ಕೆ ಒಂದು ಬಿಳಿ ಮುಳ್ಳು. ಇಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ ಎಂದು ಹೇಳುವುದು ಆ ಮುಳ್ಳಿನ ಕೆಲಸ, ಅದು ಹೇಳಿದ್ದನ್ನು ಪಾಲಿಸುವುದು ದ್ವಾರಕಾನಾಥರ ಕೆಲಸ. ಕಾರು ಓಡಿಸುವಾಗ ಅವರ ಒಂದು ಕಣ್ಣು ಮುಳ್ಳಿನ ಮೇಲೆ ಇರುತ್ತಿತ್ತು. ಇನ್ನೊಂದು ಕಣ್ಣು ಬಿಡುವಾದಾಗ ರಸ್ತೆಯನ್ನೂ ನೋಡುತ್ತಿತ್ತು.

ಮುಳ್ಳು ಬಲಕ್ಕೆ ವಾಲಿತೋ, ಕಾರು ಪಕ್ಕಕ್ಕೆ ನಿಂತಿತು, ಬಾನೆಟ್ ಎದ್ದಿತು, ಹೆಂಡತಿ ಜಾನಕಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದರು ಎಂದೇ ಲೆಕ್ಕ. ಕೆಲವು ಸಲ ಮುಳ್ಳು ವಾಲುವುದಕ್ಕೂ ಮುಂಚೆಯೇ ಡಬ್ಬಿ ಹೊರಗೆ ಬರುತ್ತಿತ್ತು. ಮುಳ್ಳಿನ ಮೇಲೆ ತಮ್ಮಷ್ಟೇ ಭಕ್ತಿ ಹೆಂಡತಿಗೂ ಇದೆ ಎಂದು ದ್ವಾರಕಾನಾಥರು ಒಳಗೊಳಗೇ ಹೆಮ್ಮೆಪಡುತ್ತಿದ್ದರು. ಹೀಗಾಗಿ ಆ ಕುಟುಂಬ ಯಾವ ಮದುವೆಯಲ್ಲೂ ಧಾರೆ ನೋಡಿದ್ದಿಲ್ಲ. ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಸಾರು ಉಂಡು, ಆಶೀರ್ವಾದ ಮಾಡಿ ಬರುವುದೇ ಅವರ ಪದ್ಧತಿ. ಮಗಳು ಚಿನ್ಮಯಿ ಅರ್ಧ ಬಾಲ್ಯವನ್ನು ರಸ್ತೆ ಬದಿಯ ಹುಣಸೆ ಮರಗಳ ಕೆಳಗೇ ಕಳೆದಳು. ಅವಳು ಮುಂದೆ ಇಂಜಿನಿಯರ್ ಆಗಿ ಹೊಸೂರಿನ ಒಂದು ಫ್ಯಾಕ್ಟರಿ ಸೇರಿದ್ದು ಆ ಸಿಟ್ಟಿಗೇ ಇರಬೇಕು.

ಹಳೆಯ ಕಾರು ಗುಜರಿಗೆ ಹೋದ ಮೇಲೆ ಚಿನ್ಮಯಿ ಹೊಸ ಕಾರು ಕೊಂಡಳು. ಕಾರು ತರುವ ದಿನ ಶೋರೂಮಿನಲ್ಲಿ ರಿಬ್ಬನ್ನು, ಕೇಕು, ಫೋಟೋ ಎಲ್ಲ ಸಿದ್ಧವಾಗಿತ್ತು. ದ್ವಾರಕಾನಾಥರು ಕೇಕಿನ ಕಡೆ ತಿರುಗಿಯೂ ನೋಡದೆ ಸೀದಾ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಕೇಳಿದರು.

“ಮುಳ್ಳೆಲ್ಲಿ?”

ಸೇಲ್ಸ್‌ನ ನರೇಶ್ ನಗುತ್ತಲೇ ಬಗ್ಗಿದ. “ಯಾವ ಮುಳ್ಳು ಸಾರ್?”

“ಟೆಂಪರೇಚರ್ ಮುಳ್ಳು.”

“ಅದೆಲ್ಲ ಈಗ ಬರಲ್ಲ ಸಾರ್. ಇಂಜಿನ್ ತಣ್ಣಗಿದ್ರೆ ಒಂದು ನೀಲಿ ಲೈಟು. ಓವರ್ ಹೀಟ್ ಆದ್ರೆ ಕೆಂಪು ಲೈಟು, ಬೀಪ್ ಬೀಪ್ ಅಂತ ಸೌಂಡು. ಎಲ್ಲಾ ಸರಿಯಾಗಿದ್ರೆ ಏನೂ ಇರಲ್ಲ.”

“ಏನೂ ಇಲ್ಲ ಅಂದ್ರೆ ಎಲ್ಲಾ ಸರಿಯಾಗಿದೆ ಅಂತ ಹ್ಯಾಗಯ್ಯಾ ನಂಬೋದು? ನನ್ನ ಕ್ಲಾಸಲ್ಲಿ ಏನೂ ಸದ್ದಿಲ್ಲ ಅಂದ್ರೆ ಹಿಂದಿನ ಬೆಂಚಲ್ಲಿ ಏನೋ ನಡೀತಿದೆ ಅಂತಲೇ ಅರ್ಥ.”

“ಕಸ್ಟಮರ್‌ಗೆ ಟೆನ್ಷನ್ ಆಗಬಾರದು ಅಂತ ಕಂಪನಿಯೋರೇ ತೆಗೆದುಬಿಟ್ಟಿದ್ದಾರೆ ಸಾರ್.”

“ಟೆನ್ಷನ್ ಇಲ್ಲದೆ ಕಾರು ಓಡಿಸೋದು ಹ್ಯಾಗೆ?” ಎಂದರು ದ್ವಾರಕಾನಾಥರು. ಈ ಪ್ರಶ್ನೆಗೆ ನರೇಶನ ತರಬೇತಿಯಲ್ಲಿ ಉತ್ತರ ಕೊಟ್ಟಿರಲಿಲ್ಲವಾದ್ದರಿಂದ ಅವನು ಎಲ್ಲರಿಗೂ ಕೇಕು ಹಂಚಿದ.

ಮಾರನೆಯ ದಿನದಿಂದ ಬೀದಿಗೆ ಬೇರೆ ಮಾತೇ ಇಲ್ಲದಂತಾಯಿತು. ಪಕ್ಕದ ಮನೆಯ ರಾಮಕೃಷ್ಣಪ್ಪನವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಜಗತ್ತಿನಲ್ಲಿ ಹೊಸದಾಗಿ ಏನು ಬಂದರೂ ಅದರ ಪರವಾಗಿ ವಾದಿಸುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಿದ್ದರು.

“ಈ ಕಾಲದ ಇಂಜಿನ್ನು ಬಿಸಿಯಾಗೋದೇ ಇಲ್ಲ ಮೇಷ್ಟ್ರೇ. ಆಗದೆ ಇರೋದನ್ನ ಅಳೆಯೋಕೆ ಮೀಟರ್ ಯಾಕೆ? ನಿಮ್ಮ ಮೈಗೆ ಮುಳ್ಳಿದೆಯಾ? ಜ್ವರ ಬಂದ್ರೆ ಗೊತ್ತಾಗಲ್ವಾ?”

“ಹಂಗಾದ್ರೆ ಡಾಕ್ಟ್ರು ಥರ್ಮಾಮೀಟರ್ ಯಾಕೆ ಇಟ್ಕೊಂಡಿದ್ದಾರೆ?”

“ಫೀಸಿಗೆ!”

ಹಾಲಿನ ಬೂತಿನ ಮುಂದೆ ಬೀದಿ ಎರಡು ಪಕ್ಷವಾಯಿತು. ಕಾರಿಲ್ಲದವರು ಎರಡೂ ಪಕ್ಷಕ್ಕೆ ಸೇರಿ ಜೋರಾಗಿ ಮಾತಾಡಿದರು.

ದ್ವಾರಕಾನಾಥರು ವಾದ ಮಾಡಿ ಸುಮ್ಮನಾಗುವ ಜಾತಿಯವರಲ್ಲ. ಮುಳ್ಳಿಲ್ಲದಿದ್ದರೇನು, ಕೈಯಿದೆ ಎಂದು ಪ್ರತಿ ಸಿಗ್ನಲ್ಲಿನಲ್ಲೂ, ಮನೆಯ ಮುಂದೆಯೂ ಕಾರಿಂದ ಇಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿನ ಹಣೆ ಮುಟ್ಟಿ ನೋಡುವಂತೆ ನೋಡತೊಡಗಿದರು. ಅದೂ ಸಾಲದೆ ಸಣ್ಣ ಚೊಂಬಿನಲ್ಲಿ ನೀರು ಹಿಡಿದು, ದೋಸೆ ಕಾವಲಿಗೆ ಹಾಕಿದಂತೆ ನಾಲ್ಕು ಹನಿ ಚಿಮುಕಿಸಿ, ಚುಂಯ್ ಎನ್ನುತ್ತದೆಯೇ ಎಂದು ಕಿವಿಗೊಟ್ಟು ಆಲಿಸುತ್ತಿದ್ದರು. ಹಿಂದೆ ನಿಂತ ಗಾಡಿಗಳು ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳಲ್ಲಿ ಬೈಯುತ್ತಿದ್ದವು. ಎದುರು ಮನೆಯ ಚಂದ್ರಲೇಖಾ ಇದನ್ನು ಕೆಲವು ದಿನ ಕೈಮುಗಿದು ನೋಡಿ, ಒಂದು ಬೆಳಗ್ಗೆ ತನ್ನ ಸ್ಕೂಟರನ್ನೂ ತಂದು ನಿಲ್ಲಿಸಿದಳು. “ಅಂಕಲ್, ಇದಕ್ಕೂ ಒಂಚೂರು ತೀರ್ಥ ಹಾಕಿಬಿಡಿ. ಹೋದ ವಾರ ಎರಡು ಸಲ ಪಂಕ್ಚರ್ ಆಯ್ತು.”

ಚಿನ್ಮಯಿ ಅದನ್ನು ಮಹಡಿಯಿಂದ ನೋಡಿದಳು. ಅವತ್ತು ಸಂಜೆಯೇ ತೀರ್ಪು ಹೊರಬಿತ್ತು.

ಆ ವಾರ ನಾಟ್ರಾಂಪಾಳ್ಯದ ಪಾಪಯ್ಯ ಬಂದು ಗೃಹಪ್ರವೇಶಕ್ಕೆ ಕರೆದು ಹೋಗಿದ್ದ. ಪಾಪಯ್ಯ ದ್ವಾರಕಾನಾಥರ ಹಳೆಯ ಶಿಷ್ಯ, ಈಗ ರಾಗಿ ಬೆಳೆಯುವ ರೈತ. “ಮೇಷ್ಟ್ರೇ, ನೀವೂ ಅಮ್ಮಾವ್ರೂ ಬಂದು ನಿಮ್ ಕೈಯಾರೆ ಹಾಲುಕ್ಕಿಸ್ಬೇಕು. ನೀವು ಬರೋಗಂಟ ನಾವು ಒಲೆ ಹಚ್ಚಾಕಿಲ್ಲ. ನಮ್ಮವ್ವ ಒಳೀಕೆ ಕಾಲಿಕ್ಕಾಕಿಲ್ಲ ಅಂತ ಕುಂತವ್ಳೆ” ಎಂದು ಕಾಲು ಮುಟ್ಟಿ ಹೇಳಿದ್ದ. ದ್ವಾರಕಾನಾಥರ ಕಣ್ಣು ಒದ್ದೆಯಾಗಿದ್ದು ಸುಳ್ಳಲ್ಲ. ಅವರು ಫೇಲ್ ಮಾಡಿದ ಹುಡುಗರಲ್ಲಿ ಮರಳಿ ಬಂದು ಮಾತಾಡಿಸಿದವನು ಅವನೊಬ್ಬನೇ.

“ಅಪ್ಪಾ, ನಾಟ್ರಾಂಪಾಳ್ಯಕ್ಕೆ ನೀವೇ ಓಡಿಸಿಕೊಂಡು ಹೋಗಿ” ಎಂದಳು ಚಿನ್ಮಯಿ. “ನನಗೆ ಅವತ್ತು ಡ್ಯೂಟಿ. ಆದರೆ ದಾರಿಯಲ್ಲಿ ಒಂದೇ ಒಂದು ಸಲವೂ ಬಾನೆಟ್ ಎತ್ತಬಾರದು. ಎತ್ತಿದ್ರೋ, ಕೀ ನಂದೀಶನ ಕೈಗೆ. ಅವನು ಒಳ್ಳೆ ಡ್ರೈವರ್, ನಮ್ಮ ಫ್ಯಾಕ್ಟರಿಗೆ ಕ್ಯಾಬ್ ಓಡಿಸ್ತಾನೆ. ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ.”

ಹಿಂದೆ! ಆರಾಮಾಗಿ! ದ್ವಾರಕಾನಾಥರಿಗೆ ಎದೆ ಧಸಕ್ಕೆಂದಿತು. ಪಾಠ ಹೇಳುವುದು ನಿಂತುಹೋಗಿತ್ತು, ಮನೆಯ ಬೀಗದ ಕೈ ಜಾನಕಮ್ಮನ ಸೊಂಟದಲ್ಲಿತ್ತು, ಟೀವಿಯ ರಿಮೋಟು ಯಾವತ್ತೂ ಅವರದಾಗಿರಲಿಲ್ಲ. ಅವರ ಕೈಯಲ್ಲಿ ಉಳಿದದ್ದು ಆ ಸ್ಟೀರಿಂಗ್ ಒಂದೇ. ಹಿಂದಿನ ಸೀಟಿನಲ್ಲಿ ಕೂರುವುದೆಂದರೆ ಅವರ ಪ್ರಕಾರ ಆಸ್ಪತ್ರೆಗೆ ಹೋಗುವವರ ಲಕ್ಷಣ.

“ನೋಡ್ಕೊಳ್ಳೋಕೆ ರಾಮಕೃಷ್ಣಪ್ಪ ಅಂಕಲ್ ಜೊತೆಗೆ ಬರ್ತಾರೆ” ಎಂದು ಚಿನ್ಮಯಿ ಸೇರಿಸಿದಳು. ಊಟ ಇದೆ ಎಂದ ಕಡೆ ರಾಮಕೃಷ್ಣಪ್ಪ ಯಾವತ್ತೂ ಇಲ್ಲ ಎಂದವರಲ್ಲ.

ಬಾನೆಟ್ ಎತ್ತಬಾರದು ಎಂದಿದ್ದಳೇ ಹೊರತು ಬೇರೇನೂ ಮಾಡಬಾರದು ಎಂದಿರಲಿಲ್ಲ. ವಿಜ್ಞಾನಿಗೆ ಅಷ್ಟು ಸಂದು ಸಾಕು. ದ್ವಾರಕಾನಾಥರು ಎರಡು ಏರ್ಪಾಡು ಮಾಡಿಕೊಂಡರು.

ಮೊದಲನೆಯದು, ಗುಜರಿಗೆ ಕೊಡುವ ಮುಂಚೆ ಹಳೆಯ ಕಾರಿನಿಂದ ಕಿತ್ತು ಇಟ್ಟುಕೊಂಡಿದ್ದ ಆ ಮೀಟರ್. ಅದನ್ನು ದೇವರ ಗೂಡಿನಿಂದ ತೆಗೆದು, ಒರೆಸಿ, ಹೊಸ ಕಾರಿನ ಸ್ಟೀರಿಂಗಿನ ಎದುರು ಮೀಟರುಗಳನ್ನು ಮುಚ್ಚಿದ್ದ ಗಾಜಿನ ಬಲಮೂಲೆಗೆ ಗಟ್ಟಿ ಗೋಂದು ಹಚ್ಚಿ ಅಂಟಿಸಿದರು. ಅಲ್ಲಿ ಖಾಲಿ ಜಾಗವಿತ್ತು. ಅಷ್ಟು ದುಡ್ಡಿನ ಕಾರಿನಲ್ಲಿ ಕಂಪನಿಯವರು ಆ ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ ಎಂಬ ಪ್ರಶ್ನೆ ಮಾತ್ರ, ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದ ಆ ಮೇಷ್ಟ್ರ ತಲೆಗೆ ಹೊಳೆಯಲಿಲ್ಲ. ಮುಳ್ಳು ಎಂದೋ ಕೆಟ್ಟು ಸಿ ಮತ್ತು ಎಚ್‌ಗಳ ನಟ್ಟನಡುವೆ ನಿಂತುಹೋಗಿತ್ತು.

“ಇದಕ್ಕೆ ವೈರೇ ಇಲ್ಲವಲ್ರೀ?” ಎಂದರು ಜಾನಕಮ್ಮ.

“ವೈರ್ ಯಾಕೆ? ನೋಡೋಕೆ ಒಂದು ಮುಳ್ಳಿದ್ರೆ ಮನಸ್ಸಿಗೆ ನೆಮ್ಮದಿ.”

ಜಾನಕಮ್ಮ ಡ್ಯಾಶ್‌ಬೋರ್ಡಿನ ಗಣಪತಿಗೆ ಕುಂಕುಮ ಇಡುವಾಗ ಮೀಟರಿಗೂ ಒಂದು ಬೊಟ್ಟು ಇಟ್ಟರು. ವೈರಿಲ್ಲದೆ ಕೆಲಸ ಮಾಡುವವರೆಲ್ಲ ಅವರ ಲೆಕ್ಕದಲ್ಲಿ ಒಂದೇ.

ಎರಡನೆಯದು, ಒದ್ದೆ ಗೋಣಿಚೀಲ. ಹಳೆಯ ಕಾರಿನ ಕಾಲದಲ್ಲಿ ದಿಣ್ಣೆ ಹತ್ತುವಾಗ ರೇಡಿಯೇಟರಿನ ಮುಂದೆ ಒದ್ದೆ ಚೀಲ ಕಟ್ಟಿ ಇಂಜಿನ್ನನ್ನು ತಣ್ಣಗಿಡುವುದು ಅವರ ಸ್ವಂತ ತಂತ್ರ. ಈಗಲೂ ದಿನಸಿ ಅಂಗಡಿಯಿಂದ ಒಂದು ಚೀಲ ತಂದು, ನೀರಲ್ಲಿ ಚೆನ್ನಾಗಿ ನೆನೆಸಿ, ಕಾರಿನ ಮುಂಭಾಗದ ಜಾಲರಿಗೆ ಒಂದು ಬೆರಳೂ ತೂರದಂತೆ ಬಿಗಿಯಾಗಿ ಕಟ್ಟಿದರು.

“ಬೆಲ್ಲದ ಚೀಲಾರೀ ಇದು. ನೋಡಿ, ಇರುವೆ ಮುತ್ತಿದೆ” ಎಂದರು ಜಾನಕಮ್ಮ.

“ಇರುವೆಗೂ ಇಂಜಿನ್ನಿಗೂ ಏನು ಸಂಬಂಧ?” ಎಂದು ದ್ವಾರಕಾನಾಥರು ಭೌತಶಾಸ್ತ್ರದ ಗಡಿ ಹಾಕಿಬಿಟ್ಟರು.

ಗೃಹಪ್ರವೇಶದ ದಿನ ಬೆಳಗ್ಗೆ ಸವಾರಿ ಹೊರಟಿತು. ಡೆಂಕಣಿಕೋಟೆವರೆಗೆ ಎಲ್ಲವೂ ಸುಖವಾಗಿತ್ತು. ಮುಳ್ಳು ಎತ್ತಲೂ ಅಲುಗದೆ ನಡುವೆಯೇ ನಿಂತಿತ್ತು. ದ್ವಾರಕಾನಾಥರು ಅದನ್ನು ನೋಡಿ ನೋಡಿ ಹಿಗ್ಗಿದರು. ಇಷ್ಟು ಸ್ಥಿತಪ್ರಜ್ಞ ಮುಳ್ಳನ್ನು ಅವರು ಸರ್ವಿಸಿನಲ್ಲೇ ಕಂಡಿರಲಿಲ್ಲ. ಹಿಂದೆ ಕೂತಿದ್ದ ರಾಮಕೃಷ್ಣಪ್ಪ ಕೂಡ ಹಿಗ್ಗಿದರು. “ನೋಡಿದ್ರಾ? ಹೊಸ ಇಂಜಿನ್ನು! ಬಿಸಿ ಅನ್ನೋ ಮಾತೇ ಇಲ್ಲ.”

ಅಂಚೆಟ್ಟಿ ದಾಟಿ ಕಾಡಿನ ದಿಣ್ಣೆ ಹತ್ತುವಾಗ ಕಾರು ಬೀಪ್ ಎಂದಿತು.

“ಬೆಲ್ಟ್ ಹಾಕ್ಕೊಳ್ರೀ ರಾಮಕೃಷ್ಣಪ್ಪ. ಕಾರು ಹೇಳ್ತಿದೆ.”

“ಹಾಕ್ಕೊಂಡಿದ್ದೀನ್ರೀ.”

“ಹೊಟ್ಟೆ ಮೇಲೆ ಜಾರಿರುತ್ತೆ. ಎಳೆದು ಹಾಕಿ.”

ಬೀಪ್, ಬೀಪ್. ರಾಮಕೃಷ್ಣಪ್ಪ ಉಸಿರು ಬಿಗಿಹಿಡಿದು, ಹೊಟ್ಟೆ ಒಳಕ್ಕೆಳೆದು ಕೂತರು. ಕಾರು ಅಷ್ಟಕ್ಕೂ ಬಗ್ಗಲಿಲ್ಲ. ಅಷ್ಟರಲ್ಲಿ ಮೀಟರಿನ ಅಂಚಿನ ಸುತ್ತ ತೆಳ್ಳಗೆ ಕೆಂಪು ಬೆಳಕು ಹೊಮ್ಮಿತು.

“ಅಯ್ಯೋ, ನಿಮ್ಮ ಮೀಟರಿಗೆ ದೀಪ ಬಂತಲ್ರೀ!” ಎಂದರು ಜಾನಕಮ್ಮ.

ದ್ವಾರಕಾನಾಥರು ಗದ್ಗದಿತರಾದರು. “ಹಳೇ ಕಾಲದ ಮಾಲು ಕಣೇ. ಕಾರಿಗೆ ಸೇರಿಸಿದ ಕೂಡಲೇ ಜೀವ ಬಂದುಬಿಡ್ತು. ಮುಳ್ಳು ನೋಡು, ನಾರ್ಮಲ್!”

“ಎಲ್ಲೋ ಬೆಲ್ಲದ ಪಾಕ ಇಟ್ಟಿದ್ದಾರೆ” ಎಂದು ಜಾನಕಮ್ಮ ಮೂಗರಳಿಸಿದರು. “ಕಾಡಲ್ಲಿ ಯಾರಪ್ಪಾ ಪಾಕ ಕಾಯಿಸ್ತಿರೋದು?”

ಪಾಕ ಕಾಯುತ್ತಿದ್ದದ್ದು ಕಾರಿನ ಮೂತಿಯಲ್ಲೇ. ಒಳಕ್ಕೆ ಗಾಳಿಯಾಡಲು ಜಾಗವಿಲ್ಲದೆ ಇಂಜಿನ್ ಕಾದು ಕೆಂಡವಾಗಿತ್ತು, ಆ ಬಿಸಿಗೆ ಚೀಲ ಹಬೆಯಾಡುತ್ತಿತ್ತು. ಕಾರು ಮೊದಲು ನಡಿಗೆ ಸಣ್ಣದು ಮಾಡಿತು, ಆಮೇಲೆ ಏದುಸಿರು ಬಿಟ್ಟಿತು, ಕೊನೆಗೆ ಒಂದು ತಿರುವಿನಲ್ಲಿ ನಿಂತೇಬಿಟ್ಟಿತು. ಬಾನೆಟ್ಟಿನ ಅಂಚಿನಿಂದ ಬೆಳ್ಳಗೆ ಹೊಗೆಯಂಥದ್ದು ಎದ್ದಿತು.

ಬಾನೆಟ್ ಎತ್ತಿದರೆ ದ್ವಾರಕಾನಾಥರ ಕೀ ಹೋಗುತ್ತದೆ. ಕಾರು ಬಿಸಿಯಾಗಿದೆ ಎಂದು ಒಪ್ಪಿಕೊಂಡರೆ ರಾಮಕೃಷ್ಣಪ್ಪನವರ ವಾದ ಹೋಗುತ್ತದೆ. ಹಾಲಿನ ಬೂತಿನ ಮುಂದೆ ನಾಳೆ ಮುಖ ತೋರಿಸಬೇಕಲ್ಲ. ಇಬ್ಬರು ಗಂಡಸರೂ ಇಳಿದು, ಹೊಗೆಗೆ ಬೆನ್ನು ಕೊಟ್ಟು ನಿಂತು, ಕಾಡಿನ ಸೌಂದರ್ಯವನ್ನು ಬಹಳ ಶ್ರದ್ಧೆಯಿಂದ ನೋಡಿದರು.

ಆಗ ಹಿಂದಿನಿಂದ ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸುರೇಂದ್ರ ಬಂದ. ಪಾಪಯ್ಯನ ತಂಗಿಯ ಗಂಡ. ಉಕ್ಕಿಸುವ ಹಾಲು ಅವನದೇ ಹಸುವಿನದು. “ಯಾಕೆ ಮೇಷ್ಟ್ರೇ ನಿಂತ್ಬುಟ್ರಿ? ಗಾಡಿ ಕೆಟ್ಟೋಯ್ತಾ?”

ಇವನಿಗೆ ಹೇಳಿದರೆ ಪಾಪಯ್ಯನಿಗೆ, ಪಾಪಯ್ಯನಿಗೆ ಹೇಳಿದರೆ ಚಿನ್ಮಯಿಗೆ. ದ್ವಾರಕಾನಾಥರು ಜೀವಮಾನವಿಡೀ ಮಕ್ಕಳಿಗೆ ಸತ್ಯ ಹೇಳಿ ಎಂದು ಬೋಧಿಸಿದವರು. ಆದ್ದರಿಂದ ಸುಳ್ಳು ಹೇಳುವ ಅಭ್ಯಾಸವಿಲ್ಲದೆ, ಬಾಯಿಗೆ ಬಂದ ಅತಿ ದೊಡ್ಡದನ್ನೇ ಹೇಳಿಬಿಟ್ಟರು.

“ಆನೆ.”

ಸುರೇಂದ್ರನ ಕೈ ತಾನಾಗಿ ಬ್ರೇಕಿಗೆ ಹೋಯಿತು. “ಎಲ್ಲಿ?”

“ಅಲ್ಲಿ, ಮುಂದೆ. ತಿರುವಿನ ಆಚೆ. ಹೋಗಲಿ ಅಂತ ನಿಂತಿದ್ದೀವಿ.”

“ಒಂದಾ ಮೇಷ್ಟ್ರೇ?”

“ಒಂದು” ಎಂದರು ದ್ವಾರಕಾನಾಥರು.

“ಎರಡು” ಎಂದರು ರಾಮಕೃಷ್ಣಪ್ಪ, ತಮ್ಮ ಕಡೆಯಿಂದಲೂ ಒಂದು ಆನೆ ಇರಲಿ ಎಂದು.

ಸುರೇಂದ್ರ ಬೈಕನ್ನು ಅಡ್ಡದಾರಿಗೆ ತಿರುಗಿಸಿ, ಹಾಲು ಚೆಲ್ಲಿದರೂ ಲೆಕ್ಕಿಸದೆ, ರಾಗಿ ಹೊಲಗಳ ನಡುವೆ ಊರ ಕಡೆ ಹಾರಿಹೋದ. ಆನೆ ಎಂದರೆ ಆ ಸೀಮೆಯಲ್ಲಿ ಯಾರೂ ತಮಾಷೆಗೆ ಹೇಳುವ ಮಾತಲ್ಲ. ಹೊಸೂರು ಪೇಟೆಯವರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಅವನ ಹಿಂದೆಯೇ ಬಸ್ಸು ಬಂತು. ಆನೆ ಎಂದ ಕೂಡಲೇ ಕಂಡಕ್ಟರು “ಏನುಗಾ?” ಎಂದು ತೆಲುಗಿನಲ್ಲಿ ಹೌಹಾರಿ ಬಾಗಿಲು ಹಾಕಿಕೊಂಡ. ಪ್ರಯಾಣಿಕರೆಲ್ಲ ಫೋನು ಹಿಡಿದು ಕಿಟಕಿಯಿಂದ ನೇತಾಡಿದರು. ಬಸ್ಸಿನ ಹಿಂದೆ ಟೊಮೆಟೊ ಗಾಡಿ, ಅದರ ಹಿಂದೆ ಅರಣ್ಯ ಇಲಾಖೆಯ ಜೀಪು. ಜೀಪಿನಿಂದ ಇಳಿದ ಅಧಿಕಾರಿ ಶಶಿಕುಮಾರ್ ನೇರವಾಗಿ ಸಾಲಿನ ಮೊದಲಲ್ಲಿ ನಿಂತಿದ್ದ ಕಾರಿನ ಬಳಿ ಬಂದು, ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

“ಯಾರ್ ಸಾರ್ ಪಾತ್ತದು? ನೀವಾ ನೋಡಿದ್ದು?”

ಈಗ ಸತ್ಯ ಹೇಳಬಹುದಿತ್ತು. ಆದರೆ ಬಸ್ಸಿನಲ್ಲಿದ್ದ ಫೋನುಗಳೆಲ್ಲ ದ್ವಾರಕಾನಾಥರ ಕಡೆ ತಿರುಗಿದ್ದವು. ಅವರು ಗಂಟಲು ಸರಿಮಾಡಿಕೊಂಡು, “ನಾನೇ” ಎಂದರು.

“ಕೊಂಬಾನೆಯಾ, ಹೆಣ್ಣಾ?”

“ಕೊಂಬು... ಇತ್ತು.”

“ಒಂದಕ್ಕಿತ್ತು, ಒಂದಕ್ಕಿರಲಿಲ್ಲ” ಎಂದು ರಾಮಕೃಷ್ಣಪ್ಪ ಇಲಾಖೆಯ ಮನುಷ್ಯನಂತೆ ತಿದ್ದುಪಡಿ ಕೊಟ್ಟರು.

“ಎಂದ ಪಕ್ಕಂ? ಯಾವ ಕಡೆ ಹೋಯ್ತು?”

ದ್ವಾರಕಾನಾಥರು ಎಡಕ್ಕೂ ರಾಮಕೃಷ್ಣಪ್ಪ ಬಲಕ್ಕೂ ಕೈ ತೋರಿಸಿದರು. ಶಶಿಕುಮಾರ್ ಮುಖ ಗಂಭೀರವಾಯಿತು. “ಅಪ್ಪಡಿನ್ನಾ, ಹಂಗಂದ್ರೆ ರಸ್ತೆಯ ಎರಡೂ ಪಕ್ಕದಲ್ಲಿದೆ. ಡೇಂಜರ್. ಎಲ್ಲಾ ಇಂಜಿನ್ ಆಫ್ ಪಣ್ಣುಂಗೋ! ಯಾರೂ ಮುಂದೆ ಹೋಗಬಾರದು.” ಹಬೆಯಾಡುತ್ತಿದ್ದ ಬಾನೆಟ್ ನೋಡಿ, “ಇದೇನು ಸಾರ್ ಪೊಗೆ?” ಎಂದು ಕೇಳಿದರು.

“ಸಾಂಬ್ರಾಣಿ” ಎಂದುಬಿಟ್ಟರು ದ್ವಾರಕಾನಾಥರು. “ಶುಭ ಕಾರ್ಯಕ್ಕೆ ಹೊರಟಿದ್ದೀವಿ.” ಡ್ಯಾಶ್‌ಬೋರ್ಡಿನ ಮೀಟರಿನ ಮೇಲಿದ್ದ ಕುಂಕುಮ ನೋಡಿ ಶಶಿಕುಮಾರ್ ಅದನ್ನೂ ನಂಬಿದರು. ಸರ್ಕಾರಿ ಕೆಲಸದಲ್ಲಿರುವವರು ಇಷ್ಟು ವಿಶ್ವಾಸ ಇಟ್ಟುಕೊಂಡಿರುವುದು ದೇಶದ ಭಾಗ್ಯ.

ಕಾರಿನೊಳಗಿಂದ ಜಾನಕಮ್ಮ ಇದೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದರು. “ಮುಹೂರ್ತ ಮೀರತ್ತೆ ಕಣ್ರೀ. ಆ ಮುದುಕಿ ಹೊಸ್ತಿಲ ಹೊರಗೆ ಕೂತಿದ್ದಾಳೆ. ನಿಜ ಹೇಳಿಬಿಡಿ” ಎಂದು ಮೆಲ್ಲಗೆ ಅಂದರು.

“ಹ್ಯಾಗೇ ಹೇಳೋದು? ಬಸ್ಸು ತುಂಬ ಜನ ನೋಡ್ತಿದ್ದಾರೆ” ಎಂದರು ದ್ವಾರಕಾನಾಥರು. ಅವರ ಕಿವಿಯ ತುದಿ, ಕೆನ್ನೆ, ಹಣೆ ಎಲ್ಲ ಕೆಂಪಾಗಿತ್ತು. ಪಾಪಯ್ಯನ ಮನೆಯ ಹಾಲು ನೆನೆದು ಅವರಿಗೆ ನಾಚಿಕೆಯಾಗುತ್ತಿತ್ತು. ಆದರೂ ಮತ್ತೆ ಕಾಡಿನ ಕಡೆಗೇ ತಿರುಗಿ ನಿಂತರು.

ಅಷ್ಟರಲ್ಲಿ ಊರ ಕಡೆಯಿಂದ ತಮಟೆ ಸದ್ದು ಕೇಳಿಬಂತು. ಸುರೇಂದ್ರ ಮುಟ್ಟಿಸಿದ ಸುದ್ದಿ ಊರಿಗೆ ಹೋಗುವಷ್ಟರಲ್ಲಿ ಮೈಕೈ ತುಂಬಿಕೊಂಡಿತ್ತು. ಆನೆ ಎರಡಲ್ಲ, ಹಿಂಡು, ಕಾರನ್ನು ಸುತ್ತುಗಟ್ಟಿವೆ, ಹೊಗೆ ಬರ್ತಿದೆ ಅಂದ್ರೆ ಕಾರಿಗೆ ಬೆಂಕಿ ಬಿದ್ದಿದೆ, ಅಮ್ಮಾವ್ರು ಒಳಗೇ ಇದ್ದಾರೆ. ಗೃಹಪ್ರವೇಶಕ್ಕೆ ಬಂದಿದ್ದ ನೆಂಟರಿಷ್ಟರೆಲ್ಲ ತಮಟೆ, ತಗಡು, ಪಟಾಕಿ ಹಿಡಿದು, ಹೊಸ ಪಂಚೆ ಮೇಲಕ್ಕೆ ಕಟ್ಟಿ ಓಡಿ ಬಂದರು. ಎಲ್ಲರ ಮುಂದೆ ಪಾಪಯ್ಯ, ಅವನ ಹಿಂದೆ ಅವನ ತಾಯಿ ಪಿಳ್ಳಮ್ಮ, ಕೈಯಲ್ಲಿ ಹಾಲುಕ್ಕಿಸಲು ಇಟ್ಟಿದ್ದ ಹಿತ್ತಾಳೆ ಪಾತ್ರೆ. ಅದನ್ನೇ ಸೌಟಿನಿಂದ ಬಡಿಯುತ್ತಿದ್ದಳು.

“ಮೇಷ್ಟ್ರೇ! ಅಲ್ಲಾಡ್ಬ್ಯಾಡಿ! ನಾವು ಬಂದ್ವಿ!” ಎಂದು ಪಾಪಯ್ಯ ಕೂಗಿದ. “ಲೇ, ಆ ಕಡೆಯಿಂದ ಸುತ್ತುಗಟ್ರಲಾ! ನಮ್ ಮೇಷ್ಟ್ರಿಗೆ ಏನಾರ ಆದ್ರೆ ನಾನು ಆ ಮನೆ ಒಳೀಕೆ ಕಾಲಿಕ್ಕಾಕಿಲ್ಲ ಕಣ್ಲಾ!”

“ಆನೆ ಎಲ್ಲದಾವೆ? ನಂಗ್ಯಾವೂ ಕಾಣಾಕಿಲ್ವಲ್ಲಾ” ಎಂದಳು ಪಿಳ್ಳಮ್ಮ. ಎಲ್ಲರೂ ದ್ವಾರಕಾನಾಥರ ಮುಖ ನೋಡಿದರು.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ತಮಗಾಗಿ ಹೊಸ ಪಂಚೆಯಲ್ಲಿ ಆನೆಗೆ ಎದುರಾಗಿ ಓಡಿ ಬಂದಿದ್ದ ಶಿಷ್ಯನ ಮುಂದೆ ಇನ್ನೊಂದು ಸುಳ್ಳು ಹೇಳಲು ಅವರಿಂದಾಗಲಿಲ್ಲ. ಕೀ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡರು. “ಪಾಪಯ್ಯಾ, ನಿಜ ಹೇಳಬೇಕೂಂದ್ರೆ ಇಲ್ಲಿ ಆನೆ...”

ಆನೆ ಅಷ್ಟರಲ್ಲಿ ಬಂದಿತ್ತು.

ಬಿದಿರ ಮೆಳೆಯ ನಡುವಿನಿಂದ, ಯಾರ ಅವಸರವೂ ತನಗೆ ತಾಗದಂತೆ, ಒಂದು ಕೊಂಬಾನೆ ರಸ್ತೆಗೆ ಇಳಿಯಿತು. ಬೆಲ್ಲದ ಪಾಕದ ವಾಸನೆ ಅದನ್ನು ಎಷ್ಟು ದೂರದಿಂದ ಎಳೆದು ತಂದಿತ್ತೋ. ತಮಟೆ ನಿಂತಿತು. ಶಶಿಕುಮಾರ್ ಜೀಪಿನ ಹಿಂದೆ, ಊರವರು ಬಂಡೆಯ ಹಿಂದೆ ಅಡಗಿದರು. ದ್ವಾರಕಾನಾಥರೂ ರಾಮಕೃಷ್ಣಪ್ಪನವರೂ ವಯಸ್ಸನ್ನು ಮರೆತು ಕಾರಿನೊಳಗೆ ಹಾರಿದರು. ಗಾಜು ಏರಿಸಲೆಂದು ದ್ವಾರಕಾನಾಥರು ಕೀ ತಿರುಗಿಸಿದರು.

ಆನೆ ಕಾರಿನ ಮುಂದೆ ನಿಂತು ಸೊಂಡಿಲಿನಿಂದ ಮೂತಿ ಮೂಸಿ ನೋಡಿತು. ಬಾನೆಟ್ ಎತ್ತಲಿಲ್ಲ, ನೀರು ಚಿಮುಕಿಸಲಿಲ್ಲ, ಯಾವ ಮೀಟರನ್ನೂ ಓದಲಿಲ್ಲ. ಚೀಲದ ಒಂದು ತುದಿ ಹಿಡಿದು ಜಗ್ಗಿತು. ಕಾರು ಬುಡಸಮೇತ ಅಲುಗಿತು. ಟಪ್ಪೆಂದು ಗೋಂದು ಬಿಟ್ಟು, ಹಳೆಯ ಮೀಟರ್ ಹಾರಿ ಜಾನಕಮ್ಮನ ಮಡಿಲಿಗೆ ಬಿತ್ತು.

ಮೀಟರ್ ಇದ್ದ ಜಾಗದಲ್ಲಿ, ಇಷ್ಟು ಹೊತ್ತೂ ಅದರ ಹಿಂದೆ ಉರಿಯುತ್ತಿದ್ದ ಸಣ್ಣ ಕೆಂಪು ದೀಪ ಕಾಣಿಸಿತು. ಅದರ ಮೇಲೆ ಥರ್ಮಾಮೀಟರಿನ ಚಿತ್ರವೂ ಇತ್ತು. ಕಾರು ಹೇಳಬೇಕಾದ್ದನ್ನೆಲ್ಲ ಹೇಳಿತ್ತು. ದ್ವಾರಕಾನಾಥರು ಅದರ ಬಾಯಿಯ ಮೇಲೆಯೇ ಮೀಟರ್ ಅಂಟಿಸಿದ್ದರು.

ಜಾನಕಮ್ಮ ದೀಪ ನೋಡಿದರು, ಮಡಿಲಲ್ಲಿ ನಟ್ಟನಡುವೆ ನಿಂತಿದ್ದ ಮುಳ್ಳು ನೋಡಿದರು, ಕೊನೆಗೆ ಗಂಡನ ಮುಖ ನೋಡಿದರು. ಹಿಂದೆ ಕೂತಿದ್ದ ರಾಮಕೃಷ್ಣಪ್ಪ ಕಣ್ಣು ಮುಚ್ಚಿಕೊಂಡು ತಮಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆಯುತ್ತಿದ್ದರು.

ಆನೆ ಚೀಲವನ್ನು ಬಾಯಿಗಿಟ್ಟು, ಸಿಹಿ ಹೀರುತ್ತ, ಬಂದ ದಾರಿಯಲ್ಲೇ ಹೊರಟುಹೋಯಿತು. ಜಾಲರಿಗೆ ಕಾಡಿನ ಗಾಳಿ ಬಡಿಯಿತು. ಶಶಿಕುಮಾರ್ ಎಲ್ಲರನ್ನೂ ಇನ್ನಷ್ಟು ಹೊತ್ತು ತಡೆದು ನಿಲ್ಲಿಸಿದರು. ಆ ಹೊತ್ತಿಗೆ ಇಂಜಿನ್ ಆರಿ, ಕೆಂಪು ದೀಪವೂ ಆರಿತು. ದಾರಿ ಬಿಟ್ಟಾಗ ಕಾರು ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು.

“ಒಂದೇ ಬಂತು ಸಾರ್, ಇನ್ನೊಂದು ಎಂಗೆ, ಎಲ್ಲಿ?” ಎಂದು ಶಶಿಕುಮಾರ್ ಕೇಳಿದ್ದಕ್ಕೆ ರಾಮಕೃಷ್ಣಪ್ಪ, “ಮುಂದೆ ಹೋಗ್ಬಿಡ್ತು ಅನಿಸತ್ತೆ” ಎಂದು ಕ್ಷೀಣವಾಗಿ ಉತ್ತರಿಸಿದರು.

ರಾಹುಕಾಲ ಇನ್ನೇನು ಬಂತು ಎನ್ನುವಾಗ ಜಾನಕಮ್ಮ ಪಾಪಯ್ಯನ ಹೊಸ ಒಲೆ ಹಚ್ಚಿದರು. ಸೌಟಿನ ಏಟಿಗೆ ತಗ್ಗು ಬಿದ್ದಿದ್ದ ಪಾತ್ರೆಯಲ್ಲಿ, ಸುರೇಂದ್ರ ಚೆಲ್ಲಿ ಉಳಿಸಿದ್ದ ಹಾಲು ಮೆಲ್ಲಗೆ ಏರಿತು. ದ್ವಾರಕಾನಾಥರ ಕೈ ಅಭ್ಯಾಸಬಲದಿಂದ ಗ್ಯಾಸಿನ ತಿರುಪಿನ ಕಡೆ ಹೋಯಿತು. ಜಾನಕಮ್ಮ ಅದನ್ನು ಹಿಡಿದು ನಿಲ್ಲಿಸಿದರು. ಹಾಲು ಸುತ್ತಲೂ ಉಕ್ಕಿ ಚೆಲ್ಲಿತು. ಪಿಳ್ಳಮ್ಮ ಕಣ್ಣೊರೆಸಿಕೊಂಡು ಬಲಗಾಲಿಟ್ಟು ಒಳಗೆ ಬಂದಳು. ದ್ವಾರಕಾನಾಥರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಶುಭ ಕಾರ್ಯಕ್ಕೆ ಊಟಕ್ಕಿಂತ ಮೊದಲು ತಲುಪಿದ್ದರು. ಅವರಿಗೆ ಅಳು ಬಂದಿತು.

ಎಲ್ಲರೂ ಊಟಕ್ಕೆ ಕೂತಿದ್ದಾಗ ಜಾನಕಮ್ಮನಿಗೆ ಚಿನ್ಮಯಿಯ ಫೋನು ಬಂತು. ಬಸ್ಸಿನವರು ತೆಗೆದ ಆನೆಯ ವಿಡಿಯೋ ಆಗಲೇ ಅವಳ ಫ್ಯಾಕ್ಟರಿ ಸುತ್ತಿತ್ತು.

“ಅಮ್ಮಾ, ನಿಜ ಹೇಳು. ಅಪ್ಪ ಬಾನೆಟ್ ಎತ್ತಿದ್ರಾ?”

ರಾಮಕೃಷ್ಣಪ್ಪ ಹಪ್ಪಳ ಕಡಿಯುವುದನ್ನು ನಿಲ್ಲಿಸಿದರು. ದ್ವಾರಕಾನಾಥರು ಎಲೆಯನ್ನೇ ನೋಡುತ್ತ ಕೂತರು.

“ಇಲ್ಲ” ಎಂದರು ಜಾನಕಮ್ಮ.

“ಮತ್ತೆ ಕಾರು ಯಾಕೆ ನಿಂತಿತ್ತು?”

“ವಿಡಿಯೋ ನೋಡಿದ್ಯಲ್ಲ. ಆನೆ.”

“ಸರಿ ಹಂಗಾದ್ರೆ. ಕೀ ಅಪ್ಪಂದೇ.”

“ಅಪ್ಪಂದಲ್ಲ” ಎಂದರು ಜಾನಕಮ್ಮ. “ನಂದು.” ಫೋನಿಟ್ಟು, ಚೀಲದಿಂದ ಮೀಟರನ್ನು ತೆಗೆದು ಗಂಡನ ಎಲೆಯ ಪಕ್ಕದಲ್ಲಿ, ಉಪ್ಪಿನಕಾಯಿಯ ಬಟ್ಟಲಿಗೆ ಒರಗಿಸಿ ಇಟ್ಟರು.

ಹೀಗೆ ಆ ಕಾರಿನ ಹಿಂದೆಯೂ ಮುಂದೆಯೂ ಕೆಂಪು ‘ಎಲ್’ ಅಂಟಿಕೊಂಡಿತು. ಒಂದು ಭಾನುವಾರ ಬೆಳಗ್ಗೆ ತಳಿ ರಸ್ತೆಯಲ್ಲಿ ಜಾನಕಮ್ಮ ಸೆರಗು ಸಿಕ್ಕಿಸಿ, ಎರಡೂ ಕಣ್ಣು ರಸ್ತೆಯ ಮೇಲಿಟ್ಟು ಕಾರು ಓಡಿಸುತ್ತಿದ್ದರು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರಬೇಕೆಂಬ ಕಾನೂನು ದ್ವಾರಕಾನಾಥರನ್ನು ಹಿಂದಿನ ಸೀಟಿನಿಂದ ಉಳಿಸಿತ್ತು. ಅವರು ಎಡಗಡೆ ಕೂತು, ಇಲ್ಲದ ಬ್ರೇಕನ್ನು ಒತ್ತುತ್ತ, ಇಲ್ಲದ ಮುಳ್ಳನ್ನು ಹುಡುಕುತ್ತ, ಮುಂದಿನ ಟ್ರ್ಯಾಕ್ಟರಿಗೂ ಹಿಂದಿನ ಬಸ್ಸಿಗೂ ಎರಡು ದನಗಳಿಗೂ ಏಕಕಾಲಕ್ಕೆ ಸೂಚನೆ ಕೊಡುತ್ತಿದ್ದರು.

ಜಾನಕಮ್ಮ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿ, ಇಂಡಿಕೇಟರ್ ಹಾಕಿ, ಕಾರನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದರು.

“ಯಾಕೆ ನಿಲ್ಲಿಸಿದೆ? ಯಾವ ಲೈಟೂ ಬಂದಿಲ್ಲ. ಎಲ್ಲಾ ಸರಿಯಾಗಿದೆ!”

“ಕಾರಿಗೇನೂ ಆಗಿಲ್ಲ. ನೀವು ಬಿಸಿಯಾಗಿದ್ದೀರಿ” ಎಂದು ಜಾನಕಮ್ಮ ಚೀಲಕ್ಕೆ ಕೈಹಾಕಿದರು. “ಇಷ್ಟು ವರ್ಷ ಎಡಗಡೆ ಕೂತು ನಾನು ನೋಡ್ತಿದ್ದದ್ದು ಆ ಮುಳ್ಳನ್ನು ಅಂದ್ಕೊಂಡಿದ್ರಾ?”

ಹಿಂದಿನ ಬಸ್ಸು ನೋಡಲೆಂದು ತಮ್ಮ ಕಡೆ ತಿರುಗಿಸಿಟ್ಟುಕೊಂಡಿದ್ದ ಕನ್ನಡಿಯಲ್ಲಿ ದ್ವಾರಕಾನಾಥರು ತಮ್ಮ ಮುಖ ನೋಡಿಕೊಂಡರು. ಕಿವಿಯ ತುದಿಯಿಂದ ಹಣೆಯವರೆಗೂ ಕೆಂಪಾಗಿತ್ತು. ಅವರು ಸುಮ್ಮನೆ ಕೈ ಚಾಚಿದರು, ಜಾನಕಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದರು.